ನಾಲ್ಕು ಹಲ್ಲಿನ ಬಿಲ್ಲೆ

ನನ್ನ ಪುಳ್ಳಿ, ಅಂದರೆ ಮೊಮ್ಮಗಳು ಶ್ರಾವ್ಯಳಿಗೆ ಸರ್ವೆ ಇಲಾಖೆಯಲ್ಲಿ ಭೂಮಾಪಕಿಯ ಕೆಲಸ ಸಿಕ್ಕಿದೆ. ಮಡಂತ್ಯಾರು ಪೇಟೆಯಲ್ಲಿ ನಾನು ಈ ಸುದ್ದಿ ಹೇಳದೆ ಬಿಟ್ಟವರು ಯಾರಾದರೂ ಇದ್ದರೆ ಅವರು ಆ ವಾರ ಪೇಟೆಗೆ ಬಾರದವರು. ಮೀನಿನವನಿಗೆ ಹೇಳಿದೆ, ಬಸ್ಸಿನ ಕಂಡಕ್ಟರನಿಗೆ ಹೇಳಿದೆ, ಜಿನಸಿನ ಅಂಗಡಿಯ ಹಸನಾಕನಿಗೆ ಎರಡು ಸಲ ಹೇಳಿದೆ. ಮೂರನೆಯ ಸಲ ಬಾಯಿ ತೆರೆದಾಗ ಅವರು ಕೈ ಅಡ್ಡ ಹಿಡಿದು, “ಬಾಬಣ್ಣ, ನನಗೆ ಗೊತ್ತುಂಟು, ದುಬೈಯಲ್ಲಿರುವ ನನ್ನ ಮಗನಿಗೂ ಗೊತ್ತುಂಟು. ಈಗ ಸಕ್ಕರೆ ಎಷ್ಟು ಬೇಕು, ಅದನ್ನು ಹೇಳಿ” ಎಂದರು.

ಅದೇ ಇಲಾಖೆಯಲ್ಲಿ ನಾನು ಮೂವತ್ತೊಂದು ವರ್ಷ ಬಾಂದು ಜವಾನನಾಗಿದ್ದೆ. ಬಾಂದು ಅಂದರೆ ಗಡಿ. ಅಳತೆಯ ಸರಪಳಿ ಎಳೆಯುವುದು, ಕತ್ತಿಯಲ್ಲಿ ಪೊದೆ ಬಲ್ಲೆ ಸವರಿ ದಾರಿ ಮಾಡುವುದು, ಗಡಿಕಲ್ಲು ಹೊತ್ತು ತಂದು ನೆಡುವುದು ನಮ್ಮ ಕೆಲಸ. ನಾನು ಕಲಿತದ್ದು ಐದನೇ ಕ್ಲಾಸು. ಬಡ್ತಿಯ ಕಥೆ ಹೇಳುವ ತೊಂದರೆ ನನಗಿಲ್ಲ, ಸಿಕ್ಕಿದ್ದರೆ ಹೇಳಬಹುದಿತ್ತು. ಮೊನ್ನೆ ಶ್ರಾವ್ಯಳ ಜೊತೆ ಕೆಲಸಕ್ಕೆ ಸೇರಿದ ಮಕ್ಕಳು ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. ಒಬ್ಬ ಹೇಳಿದ, ಈಗ ರೋವರ್ ಎಂಬ ಯಂತ್ರ ಉಂಟು, ಆಕಾಶದ ಉಪಗ್ರಹವೇ ಅಳತೆ ಹೇಳುತ್ತದೆ, ಇನ್ನು ತಪ್ಪು ಎಂಬುದೇ ಇಲ್ಲ ಅಂತ. ಆ ಹುಡುಗನಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದು ಅವನ ಮೇಲಿನದ್ದಲ್ಲ.

ಮೊದಲು ಈ ನೆಲದ ವಿಷಯ ತಿಳಿದುಕೊಳ್ಳಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಅಂದರೆ ನಮ್ಮ ಜಿಲ್ಲೆಯ ನಡುಭಾಗ. ಕಡಲಿನವರಿಗೆ ನಾವು ಘಟ್ಟದವರು, ಘಟ್ಟದವರಿಗೆ ನಾವು ಕಡಲಿನವರು. ಎರಡು ಕಡೆಗೆ ಬಂದ ಯೋಜನೆಗಳು ನಮ್ಮ ತಲೆಯ ಮೇಲಿಂದ ದಾಟಿ ಹೋಗುತ್ತವೆ. ಇಲ್ಲಿ ಸಪಾಟು ನೆಲ ಅಂತ ಇಲ್ಲ. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು, ಅದರ ಮೇಲಿನದ್ದು ಮಜಲು, ಅದಕ್ಕೂ ಮೇಲಿನ ಒಣಗದ್ದೆ ಬೆಟ್ಟು. ಅದರ ಮೇಲೆ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ ಗುಡ್ಡೆ. ಗುಡ್ಡೆ ಇಳಿದರೆ ಒಂದು ತೋಡು, ಅಂದರೆ ಸಣ್ಣ ಹಳ್ಳ, ತೋಡು ದಾಟಿದರೆ ಇನ್ನೊಂದು ಬೈಲು. ನಾರಾವಿಯಿಂದ ಬೆಳುವಾಯಿವರೆಗೆ ಇದೇ ಹತ್ತುವುದು, ಇದೇ ಇಳಿಯುವುದು. ನಕ್ಷೆಯಲ್ಲಿ ಎರಡು ಮನೆಗಳ ನಡುವೆ ಒಂದು ಬೆರಳು ದೂರ ಇರುತ್ತದೆ. ನಡೆದು ನೋಡಿ, ಮಂಡಿಚಿಪ್ಪು ಲೆಕ್ಕ ಹೇಳುತ್ತದೆ.

ಇದು ಮೇಲಿನಿಂದ ಬಂದ ಸಾಹೇಬರುಗಳಿಗೆ ಅರ್ಥವಾಗುವುದೇ ಇಲ್ಲ. ನನ್ನ ಮೊದಲ ಸರ್ವೇಯರು ನಂಜುಂಡಪ್ಪ ಸಾರ್, ಬಯಲುಸೀಮೆಯವರು. ಒಳ್ಳೆಯ ಮನುಷ್ಯ, ಆದರೆ ಅವಸರದವರು. ನಾರಾವಿ ಕಡೆಯ ಒಂದು ಗುಡ್ಡೆಗೆ ಮೊದಲ ದಿನ ಕರಕೊಂಡು ಹೋದೆ. ಒಂದು ಗಂಟೆ ನಡೆದ ಮೇಲೆ ನಿಂತು ಕೇಳಿದರು, “ಊರೆಲ್ಲಯ್ಯಾ?”

“ಇದೇ ಊರು ಸಾರ್.”

“ಇದು ಕಾಡು ಕಣಯ್ಯಾ. ನನಗೆ ಊರು ತೋರಿಸು.”

ನಾನು ಕೈ ತೋರಿಸಿದೆ. ಅಲ್ಲೊಂದು ಮನೆ, ಆ ಗುಡ್ಡೆಯ ಆಚೆ ಒಂದು ಮನೆ, ತೋಡಿನ ಬದಿಯಲ್ಲಿ ಎರಡು. ಅವರು ತಲೆ ಮೇಲೆ ಕೈ ಇಟ್ಟು ಕೂತರು. ಅವರ ಸೀಮೆಯಲ್ಲಿ ಊರು ಅಂದರೆ ಮನೆಗೆ ಮನೆ ಅಂಟಿಕೊಂಡು, ನಡುವೆ ಒಂದು ಕಟ್ಟೆ, ಸುತ್ತ ಹೊಲ. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಗುಡ್ಡೆಯ ಬುಡದಲ್ಲಿ. ಪಾಪ, ಅವರನ್ನು ಬೈದು ಏನು ಪ್ರಯೋಜನ. ಕಂಬ ಹಾಕುವವರು, ಪೈಪು ಎಳೆಯುವವರು, ರಸ್ತೆ ಮಾಡುವವರು ಎಲ್ಲರೂ ಮೇಜಿನ ಮೇಲೆ ಅದೇ ಅಂಟಿಕೊಂಡ ಊರನ್ನು ಇಟ್ಟುಕೊಂಡು ಯೋಜನೆ ಬರೆಯುತ್ತಾರೆ. ಇಲ್ಲಿಗೆ ಬಂದು ನೋಡಿ, ನಾಲ್ಕು ಮನೆಗೆ ಇಷ್ಟುದ್ದದ ರಸ್ತೆಯಾ ಅಂತ ಕೇಳಿ ಹಿಂದೆ ಹೋಗುತ್ತಾರೆ. ಮೂವತ್ತೊಂದು ವರ್ಷ ನಾನು ಅವರನ್ನೆಲ್ಲ ಕರಕೊಂಡು ಹೋಗಿ, ಕರಕೊಂಡು ಬಂದೆ. ಹೋಗುವಾಗ ನೀರಿನ ಬಾಟ್ಲಿ ಹೊರುವುದು, ಬರುವಾಗ ಅವರನ್ನೇ ಹೊರುವುದೊಂದು ಬಾಕಿ.

ಇನ್ನು ಸರಪಳಿಯ ವಿಷಯ. ಈಗಿನ ಮಕ್ಕಳು ಅದನ್ನು ನೋಡಿಲ್ಲ. ಅರುವತ್ತಾರು ಅಡಿ ಉದ್ದ, ನೂರು ಲಿಂಕು. ಹತ್ತು ಲಿಂಕಿಗೊಂದು ಹಿತ್ತಾಳೆಯ ಬಿಲ್ಲೆ. ಹತ್ತನೆಯ ಲಿಂಕಿನ ಬಿಲ್ಲೆಗೆ ಒಂದು ಹಲ್ಲು, ಇಪ್ಪತ್ತಕ್ಕೆ ಎರಡು, ಮೂವತ್ತಕ್ಕೆ ಮೂರು, ನಲವತ್ತಕ್ಕೆ ನಾಲ್ಕು. ಐವತ್ತಕ್ಕೆ ಹಲ್ಲಿಲ್ಲದ ದುಂಡು ಬಿಲ್ಲೆ. ಸರಪಳಿಯನ್ನು ಯಾವ ತುದಿಯಿಂದ ಹಿಡಿದರೂ ಅಳೆಯಲು ಬರಬೇಕಲ್ಲ, ಹಾಗಾಗಿ ಆಚೆ ಕಡೆಯಿಂದಲೂ ಅದೇ ಲೆಕ್ಕ. ಅಂದರೆ ಅರುವತ್ತನೆಯ ಲಿಂಕಿಗೂ ನಾಲ್ಕೇ ಹಲ್ಲು. ಇದನ್ನು ಮಾಡಿದ ಪುಣ್ಯಾತ್ಮ ಯಾರೋ, ಅವನು ಕೆಂಜಿರುವೆ ಇರುವ ಜಾಗದಲ್ಲಿ ಕೆಲಸ ಮಾಡಿದವನಲ್ಲ.

ಇರುವೆಯ ಕಥೆಗೇ ಬರುತ್ತೇನೆ. ನಾರಾವಿ ಕಡೆಯ ಆ ಗುಡ್ಡೆಯ ಮೇಲೆ ಬೊಳ್ಳಿಪಾದೆ ಎಂಬ ಹನ್ನೊಂದು ಮನೆಗಳ ಜಾಗ ಉಂಟು. ಅಲ್ಲಿಗೆ ಹೋಗಲು ಸರ್ಕಾರದ ಹಳೆಯ ಗಾಡಿದಾರಿ ನಕ್ಷೆಯಲ್ಲಿತ್ತು. ಅಗಲ ಇಪ್ಪತ್ತು ಲಿಂಕು, ಹದಿಮೂರು ಅಡಿ ಚಿಲ್ಲರೆ. ದಾರಿಯ ಒಂದು ಬದಿ ಶಾಂತಿರಾಜ ಜೈನರ ಜಮೀನು, ಇನ್ನೊಂದು ಬದಿ ಆಳದ ತೋಡು. ಮೂವತ್ತಾರು ವರ್ಷದ ಹಿಂದೆ ಶಾಂತಿರಾಜರು ತಮ್ಮ ಗಡಿ ಗುರುತಿಸಿ ಕೊಡಿ ಎಂದು ಅರ್ಜಿ ಹಾಕಿದರು. ದಾರಿ ತಿರುಗುವಲ್ಲಿ ಹಳೆಯ ಕಲ್ಲು ಮಳೆಗೆ ಕೊಚ್ಚಿಹೋಗಿತ್ತು. ಆಫೀಸಿನ ಹಳೆಯ ಅಳತೆ ಪುಸ್ತಕ ನೋಡಿ ಹೊಸ ಕಲ್ಲು ನೆಡಲು ನಂಜುಂಡಪ್ಪ ಸಾರ್ ಮತ್ತು ನಾನು ಹೋದೆವು.

ಮಧ್ಯಾಹ್ನದ ಬಿಸಿಲು. ಶಾಂತಿರಾಜರ ಅಮ್ಮ ಜಾಲಿಗೆ, ಅಂದರೆ ಅಂಗಳಕ್ಕೆ ಬಂದು ಇಬ್ಬರಿಗೂ ಮಜ್ಜಿಗೆ ಕೊಟ್ಟಿದ್ದರು. ಸಾರ್ ಪೊದೆಯ ಈಚೆ ನೆರಳಲ್ಲಿ ಪುಸ್ತಕ ಹಿಡಿದು ಕೂತರು. ನಾನು ಜಮೀನಿನ ಒಳಗಿನ ಮೂಲೆಕಲ್ಲಿನಿಂದ ದಾರಿಯ ಕಡೆಗೆ ಸರಪಳಿ ಎಳೆದುಕೊಂಡು ಹೋದೆ. ಮೂರು ಸರಪಳಿ ಪೂರ್ತಿ ಮುಗಿಯಿತು. “ಇನ್ನು ನಲವತ್ತು, ಅಲ್ಲಿ ನೆಡು” ಎಂದು ಸಾರ್ ಕೂಗಿದರು. ನಾಲ್ಕನೆಯ ಸರಪಳಿ ಎಳೆದು ಹಾಕಿ ಬಿಲ್ಲೆ ಹುಡುಕಲು ಬಗ್ಗಿದೆ. ಮೇಲೊಂದು ಗೇರುಮರ. ಕೊಂಬೆ ಅಲುಗಿ ಕೆಂಜಿರುವೆಯ ಒಂದು ಗೂಡು ಇಡೀ ನನ್ನ ಕುತ್ತಿಗೆಗೆ ಬಿತ್ತು. ಒಂದು ಕೈಯಲ್ಲಿ ಅಂಗಿ ಕಳಚುತ್ತ, ಇನ್ನೊಂದು ಕೈಯಲ್ಲಿ ಬಿಲ್ಲೆ ತಡಕಿದೆ. ಬೆರಳಿಗೆ ನಾಲ್ಕು ಹಲ್ಲು ಸಿಕ್ಕಿತು. ಅಲ್ಲೇ ಗುರುತು ಹಾಕಿ ಹೊಂಡ ತೋಡಿ ಕಲ್ಲು ನೆಟ್ಟೆ. ಚೆನ್ನಾಗಿ ನೆಟ್ಟೆ. ಬುಡಕ್ಕೆ ಮುರಕಲ್ಲಿನ ಚೂರು ತುಂಬಿಸಿ, ನೀರು ಹೊಯ್ದು, ಹಾರೆಯ ಹಿಂಬದಿಯಿಂದ ಗುದ್ದಿ ಗುದ್ದಿ ನೆಟ್ಟೆ. ಸಾರ್ ಎದ್ದು ಬಂದು ನೋಡಬೇಕಿತ್ತು. ನೋಡಲಿಲ್ಲ, ಇರುವೆ ಉಂಟು ಅಂತ ಹೆದರಿದರು.

ಎರಡು ದಿನ ಕಳೆದು ಆಫೀಸಿನ ಹಿಂದೆ ಸರಪಳಿಗೆ ಎಣ್ಣೆ ಉಜ್ಜುತ್ತಿದ್ದೆ. ದುಂಡು ಬಿಲ್ಲೆ ಕೈಗೆ ಬಂದಾಗ ನೆನಪಾಯಿತು. ಅವತ್ತು ನಾನು ಈ ದುಂಡು ಬಿಲ್ಲೆಯನ್ನು ದಾಟಿ ಮುಂದೆ ಹೋಗಿದ್ದೆ. ನಲವತ್ತು ಅಂದರೆ ಅದು ದುಂಡಿನ ಈಚೆಗೆ ಇರಬೇಕು. ನಾನು ಹಿಡಿದದ್ದು ಅರುವತ್ತು. ಕಲ್ಲು ಇಪ್ಪತ್ತು ಲಿಂಕು ಆಚೆಗೆ ಹೋಗಿದೆ. ದಾರಿಯ ಅಗಲವೇ ಇಪ್ಪತ್ತು ಲಿಂಕು. ಮೇಲೂ ಕೆಳಗೂ ದಾರಿ ಸರಿ ಉಂಟು, ಆ ತಿರುವಿನಲ್ಲಿ ಮಾತ್ರ ಕಲ್ಲಿನ ಆಚೆಗೆ ಬರೀ ತೋಡು.

ಹೇಳುವ ಅಂತ ಎದ್ದು ಸಾರ್ ಮೇಜಿನ ಹತ್ತಿರ ಹೋದೆ. ಅವರಿಗೆ ಅದೇ ದಿನ ತಮ್ಮ ಊರಿಗೆ ವರ್ಗವಾದ ಕಾಗದ ಬಂದಿತ್ತು. ಎಲ್ಲರಿಗೂ ಲಾಡು ಹಂಚುತ್ತಿದ್ದರು, ನನ್ನ ಕೈಗೂ ಎರಡು ಇಟ್ಟರು. “ಏನಯ್ಯಾ ಬಾಬು, ಏನೋ ಹೇಳೋಕೆ ಬಂದೆ?” ಎಂದು ಕೇಳಿದರು.

“ಏನಿಲ್ಲ ಸಾರ್” ಎಂದೆ.

ನನ್ನ ಇಡೀ ಸರ್ವಿಸಿನಲ್ಲಿ ನಾನು ಮಾಡಿದ ತಪ್ಪು ಇರುವೆಯ ಹತ್ತಿರದ್ದಲ್ಲ, ಲಾಡಿನ ಹತ್ತಿರದ್ದು.

ಆಮೇಲೆ ನಡೆದದ್ದು ನೋಡಿ. ಶಾಂತಿರಾಜರು ಸರ್ಕಾರಿ ಕಲ್ಲು ನಂಬಿ, ಅದಕ್ಕೆ ಸರಿಯಾಗಿ ಕೆಂಪುಕಲ್ಲಿನ ಪಾಗಾರದ ಗೋಡೆ ಕಟ್ಟಿದರು, ಒಳಗೆ ರಬ್ಬರ್ ಗಿಡ ಹಾಕಿದರು. ಮನುಷ್ಯ ಬೇರೆಯವರ ಒಂದು ತೆಂಗಿನಕಾಯಿ ಮುಟ್ಟುವವರಲ್ಲ. ಬೊಳ್ಳಿಪಾದೆಯವರು ನೋಡಿದರು, ದಾರಿ ಮಾಯ. ಜಮೀನಿನ ಧನಿಗಳು ಕಲ್ಲು ಕಿತ್ತು ಈಚೆಗೆ ಹಾಕಿದ್ದಾರೆ ಎಂದು ಮಾತಾಯಿತು. ಮಾತು ಪೇಟೆಗೆ ಬಂತು. ಆ ಮನೆಗೆ ‘ಕಲ್ಲು ಕದ್ದವರು’ ಎಂಬ ಹೆಸರೇ ಬಿತ್ತು. ಬೊಳ್ಳಿಪಾದೆಯವರು ತೋಡಿಗಿಳಿದು ನಡೆಯತೊಡಗಿದರು. ಮಳೆಗಾಲಕ್ಕೆ ತೋಡಿಗೆ ಅಡ್ಡ ಹಾಕಿದ ಮರದ ಕಾಲುಸಂಕ, ಅದು ಕೊಚ್ಚಿಹೋದರೆ ಮನೆಯಲ್ಲೇ.

ರಸ್ತೆಗೆ ಅರ್ಜಿ ಕೊಟ್ಟಾಗಲೆಲ್ಲ ಒಬ್ಬ ಇಂಜಿನಿಯರು ಬರುತ್ತಿದ್ದ. ಟೇಪು ಹಿಡಿಯಲು ನನ್ನನ್ನೇ ಕರೆಯುತ್ತಿದ್ದರು. ಪಾಗಾರ ನೋಡಿ, ಕಲ್ಲು ನೋಡಿ, ತೋಡು ನೋಡಿ, ‘ದಾರಿಯು ತೋಡಿನಲ್ಲಿದೆ, ರಸ್ತೆ ಅಸಾಧ್ಯ’ ಎಂದು ಬರೆದು ಹೋಗುವುದು. ದಾರಿ ತೋಡಿಗೆ ಯಾಕೆ ಬಿತ್ತು ಅಂತ ಒಬ್ಬನೂ ಕೇಳಲಿಲ್ಲ. ಹಳೆಯ ಪುಸ್ತಕ ತೆಗೆಸಿ ನೋಡಲಿಲ್ಲ. ಒಂದು ವರ್ಷ ಯಾರೋ ಬುದ್ಧಿವಂತರು ರಸ್ತೆಯಿಲ್ಲದಿದ್ದರೂ ರಸ್ತೆಯ ತಡೆಗೋಡೆಯನ್ನು ಮಂಜೂರು ಮಾಡಿದರು. ಕಟ್ಟಿಯೂ ಕಟ್ಟಿದರು, ತೋಡಿನ ಒಳಗೆ. ಈಗಲೂ ಉಂಟು, ನೀರುಕೋಳಿ ಕೂರುತ್ತದೆ. ಆ ಗೋಡೆ ನೋಡಿದಾಗಲೆಲ್ಲ ನನಗೆ ಇವರೆಲ್ಲರ ಮೇಲೆ ಮೈ ಉರಿಯುತ್ತಿತ್ತು. ಉರಿದು ಉರಿದು ಕೊನೆಗೆ ಅದು ಎಲ್ಲಿಗೆ ಬಂದು ನಿಲ್ಲುತ್ತಿತ್ತು ಎಂದು ನಾನು ಬರೆಯಬೇಕಾಗಿಲ್ಲ.

ಕೆಲಸದ ರೀತಿ ಬದಲಾಯಿತು. ಸರಪಳಿ ಹೋಗಿ ಉಕ್ಕಿನ ಟೇಪು ಬಂತು, ಟೇಪು ಹೋಗಿ ಮೂರು ಕಾಲಿನ ಮೇಲೆ ನಿಲ್ಲುವ ಯಂತ್ರ ಬಂತು. ಹಳೆಯ ಸರಪಳಿಗಳನ್ನು ಗುಜರಿಗೆ ಹಾಕುವಾಗ ಬೇಕಾದರೆ ತೆಗೆದುಕೋ ಎಂದರು. ಮನೆಯಲ್ಲಿ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಣಗಿಸಲು ಕಟ್ಟಿದೆ. ಬಿಳಿ ಬಟ್ಟೆಗೆ ತುಕ್ಕಿನ ಗೆರೆ ಬೀಳುತ್ತದೆ ಎಂದು ನನ್ನ ಹೆಂಡತಿ ಇಪ್ಪತ್ತು ವರ್ಷದಿಂದ ಬೈಯುತ್ತಿದ್ದಾಳೆ. ಶ್ರಾವ್ಯ ಎಣಿಸಲು ಕಲಿತದ್ದು ಆ ಬಿಲ್ಲೆಗಳಲ್ಲಿ. ಸೊಂಟದಲ್ಲಿ ಎತ್ತಿಕೊಂಡರೆ ಪುಟ್ಟ ಬೆರಳಿಟ್ಟು ಹಲ್ಲು ಎಣಿಸುತ್ತಿದ್ದಳು. ದುಂಡು ಬಿಲ್ಲೆಗೆ ಹಲ್ಲಿಲ್ಲದ್ದನ್ನು ನೋಡಿ ಅದಕ್ಕೆ ‘ಅಜ್ಜಿ ಬಿಲ್ಲೆ’ ಎಂದು ಹೆಸರಿಟ್ಟವಳೂ ಅವಳೇ.

ಇನ್ನು ಈ ವರ್ಷದ ಮಾತು. ಬೊಳ್ಳಿಪಾದೆಗೆ ರಸ್ತೆಯ ಅನುದಾನ ಪುನಃ ಬಂದಿತ್ತು. ಸರ್ವೆ ವರದಿ ಬೇಕು, ತಕರಾರು ಅಂತ ಬರೆದರೆ ಅನುದಾನ ವಾಪಸು. ಆಫೀಸಿನಲ್ಲಿ ಯಾರಿಗೂ ಬೇಡವಾದ ಕಡತ ಹೊಸಬಳ ಮೇಜಿಗೆ ಬಂತು. ಸಂಜೆ ಶ್ರಾವ್ಯ ಬಂದು, ಕಾಲಿನ ಕೆಸರು ತೊಳೆಯುತ್ತ ಅಜ್ಜಿಗೆ ಹೇಳುತ್ತಿದ್ದಳು. ಕಲ್ಲು ಜಾಗದಲ್ಲಿಲ್ಲವಂತೆ. ಧನಿಗಳ ಅಳಿಯ ರೇಗಿದನಂತೆ, ಸರ್ಕಾರಿ ಕಲ್ಲು ಕಣ್ಣಿಗೆ ಕಾಣುವಾಗ ನಿನ್ನ ಯಂತ್ರ ಯಾಕೆ, ರಬ್ಬರ್ ಮರಗಳ ಅಡಿಯಲ್ಲಿ ಅದಕ್ಕೆ ಸಿಗ್ನಲ್ ಸಿಗುವುದುಂಟಾ ಅಂತ. ಅವಳು ಬಯಲಿನಲ್ಲಿ ಎರಡು ಸಲ ಹಿಡಿದು ತಾಳೆ ನೋಡಿದ್ದಳು. ನಾಳೆ ಎಲ್ಲರೆದುರು ಮಹಜರು ಬರೆಯುವುದು, ‘ಖಾತೆದಾರರು ಕಲ್ಲನ್ನು ಸ್ಥಳಾಂತರಿಸಿದ್ದಾರೆ’ ಎಂದು ಬರೆದರೆ ಮುಗಿಯಿತು, ಬೇಕಾದರೆ ಕೇಸೂ ಆಗುತ್ತದೆ ಎಂದಳು.

ನಾನು ಬಟ್ಟೆ ತೆಗೆಯುತ್ತಿದ್ದೆ. ಕೇಳಿದೆ, “ಎಷ್ಟು ಆಚೆಗೆ ಉಂಟು?”

“ನಾಲ್ಕು ಮೀಟರ್, ಎರಡು ಸೆಂಟಿಮೀಟರ್ ಅಜ್ಜ.”

“ಅದನ್ನು ಲಿಂಕಿಗೆ ಮಾಡು.”

ಮೊಬೈಲಿನಲ್ಲಿ ಒತ್ತಿ ನೋಡಿದಳು. “ಇಪ್ಪತ್ತು. ಸರಿಯಾಗಿ ಇಪ್ಪತ್ತು.” ಕಳ್ಳ ಕಲ್ಲು ಕೀಳುವಾಗ ಲಿಂಕು ಲೆಕ್ಕ ಹಾಕುವುದಿಲ್ಲ. ನನ್ನ ಕೈ ನಾಲ್ಕು ಹಲ್ಲಿನ ಬಿಲ್ಲೆಯ ಮೇಲಿತ್ತು. ಅವಳು ಅದನ್ನು ನೋಡಿದಳು, ಅಜ್ಜಿ ಬಿಲ್ಲೆಯನ್ನು ನೋಡಿದಳು, ಅದರಾಚೆಯ ಇನ್ನೊಂದು ನಾಲ್ಕು ಹಲ್ಲನ್ನು ನೋಡಿದಳು. “ಅಜ್ಜ, ಆ ಕಲ್ಲು ನೆಟ್ಟದ್ದು ಯಾರು?”

ನಾನು ಹೇಳಿದೆ. ಇರುವೆಯನ್ನೂ ಹೇಳಿದೆ, ಲಾಡನ್ನೂ ಹೇಳಿದೆ. ಅವಳು ತೊಳೆದ ಕಾಲನ್ನೇ ಪುನಃ ತೊಳೆದಳು. ಹೊಸ ಕೆಲಸ, ಮೊದಲ ದೊಡ್ಡ ಕಡತ. ಅದರಲ್ಲಿ ಅಜ್ಜನ ತಪ್ಪು. ಪೇಟೆಯಿಡೀ ನಾನೇ ಡಂಗುರ ಹೊಡೆದ ಹೆಸರು ಅವಳದ್ದು. ಕೊನೆಗೆ, “ನಾಳೆ ನೀವು ಬರ್ತೀರಾ?” ಎಂದು ಕೇಳಿದಳು. ಬನ್ನಿ ಎಂದು ಹೇಳಲಿಲ್ಲ.

ಬೆಳಿಗ್ಗೆ ಸರಪಳಿ ಬಿಚ್ಚಿ ಗೋಣಿಗೆ ತುಂಬಿದೆ. ಇಷ್ಟು ವರ್ಷ ತುಕ್ಕಿಗೆ ಬೈದ ಹೆಂಡತಿ ಅವತ್ತು, ಬಟ್ಟೆ ಎಲ್ಲಿ ಒಣಗಿಸುವುದು ಎಂದು ಬೈದಳು.

ಕಲ್ಲಿನ ಹತ್ತಿರ ಜನ ಸೇರಿತ್ತು. ಬೊಳ್ಳಿಪಾದೆಯಿಂದ ಕಮಲಕ್ಕ ಬಂದಿದ್ದರು. ನಾನು ಕಲ್ಲು ನೆಟ್ಟ ವರ್ಷ ಆ ಗುಡ್ಡೆಗೆ ಮದುವೆಯಾಗಿ ಬಂದವರು. ಶಾಂತಿರಾಜರು ಊರುಗೋಲು ಹಿಡಿದು ಪಾಗಾರದ ಒಳಗೇ ನಿಂತಿದ್ದರು. ನಾನು ಮೂಲೆಕಲ್ಲಿನಿಂದ ಸರಪಳಿ ಹಾಸಿದೆ. ಬಗ್ಗಿದರೆ ಏಳಲಾಗದ ವಯಸ್ಸು, ಆದರೂ ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಮೂರು ಸರಪಳಿ ಆಯಿತು. ನಾಲ್ಕನೆಯದನ್ನು ಹಾಸಿ ಎಲ್ಲರನ್ನೂ ಕರೆದೆ. ಮೊದಲ ನಾಲ್ಕು ಹಲ್ಲು ಪಾಗಾರದ ಒಳಗೆ, ಒಂದು ರಬ್ಬರ್ ಮರದ ಬುಡದಲ್ಲಿ ಬಿದ್ದಿತ್ತು. ಪಾಗಾರದ ಕಂಡಿಯಿಂದ ಸರಪಳಿ ಈಚೆ ತೂರಿಸಿದಾಗ ಎರಡನೆಯ ನಾಲ್ಕು ಹಲ್ಲು ಸರಿಯಾಗಿ ಕಲ್ಲಿನ ನೆತ್ತಿಗೆ ಬಂತು.

“ಕಲ್ಲನ್ನು ಯಾರೂ ಕಿತ್ತು ಹಾಕಿದ್ದಲ್ಲ” ಎಂದೆ. “ನೆಟ್ಟದ್ದೇ ಇಲ್ಲಿ. ನೆಟ್ಟದ್ದು ನಾನು. ತಪ್ಪಿ ನೆಟ್ಟದ್ದು ಅಂತ ಮೂರನೆಯ ದಿನವೇ ನನಗೆ ಗೊತ್ತಿತ್ತು.”

ಅಳಿಯ ಏನೋ ಹೇಳಲು ಹೊರಟ. ಶಾಂತಿರಾಜರು ಕೋಲು ಎತ್ತಿ ಅವನನ್ನು ನಿಲ್ಲಿಸಿದರು. ನನ್ನನ್ನೇ ನೋಡುತ್ತ ನಿಂತರು. “ಬಾಬು, ಇದನ್ನು ನಮ್ಮ ಅಮ್ಮ ಇರುವಾಗ ಹೇಳಬಾರದಿತ್ತಾ? ಈ ದಾರಿಯವರು ಎದುರು ಸಿಗ್ತಾರೆ ಅಂತ ಅವರು ಬಸದಿಗೆ ಹೋಗುವುದನ್ನೇ ಬಿಟ್ಟರು.”

ಆ ಅಮ್ಮನ ಕೈಯ ಮಜ್ಜಿಗೆ ಕುಡಿದವನು ನಾನು.

ಕಮಲಕ್ಕ ತೋಡನ್ನು ನೋಡಿದರು, ಅದರಲ್ಲಿ ನಿಂತ ತಡೆಗೋಡೆಯನ್ನು ನೋಡಿದರು. “ನಮ್ಮ ಅತ್ತೆಯನ್ನು ಆಸ್ಪತ್ರೆಗೆ ಒಯ್ಯಲು ಕುರ್ಚಿಗೆ ಕಟ್ಟಿ ಇದೇ ನೀರಲ್ಲಿ ಇಳಿಸಿದ್ದು. ಟೇಪು ಹಿಡ್ಕೊಂಡು ನೀವು ಎಷ್ಟು ಸಲ ಬಂದಿದ್ರಿ ಬಾಬಣ್ಣ, ನಮ್ಮಲ್ಲಿ ಚಾ ಕುಡಿದಿದ್ರಿ” ಎಂದರು. ಆಮೇಲೆ ಪಾಗಾರದ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು, “ಧನಿಗಳೇ, ನಾನೂ ಹೇಳಿದ್ದೇನೆ ಆ ಮಾತು. ತುಂಬ ಸಲ ಹೇಳಿದ್ದೇನೆ” ಎಂದರು.

ಶಾಂತಿರಾಜರು ತಲೆಯಾಡಿಸಿದರು. ಪಾಗಾರ ತೆಗೆಯಲು ಆಳು ಕಳುಹಿಸುತ್ತೇನೆ, ಮಳೆ ಹಿಡಿಯುವ ಮೊದಲು ಆಗಲಿ ಎಂದು ಶ್ರಾವ್ಯಳಿಗೆ ಹೇಳಿದರು. ನನಗೆ ಹೇಳಲಿಲ್ಲ.

ಶ್ರಾವ್ಯ ಪಾಗಾರದ ಮೇಲೆ ಹಾಳೆ ಇಟ್ಟು ಮಹಜರು ಬರೆದಳು. ಒಂದು ಕಡೆ ನಿಲ್ಲಿಸಿ, ಆಫೀಸಿನ ದನಿಯಲ್ಲಿ ಕೇಳಿದಳು, “ಕಲ್ಲು ನೆಟ್ಟವರ ಪೂರ್ತಿ ಹೆಸರು?”

ಮಕ್ಕಳೇ, ಈ ಮೂರು ತಾಲೂಕಿನಲ್ಲಿ ನಾನು ಎಷ್ಟು ಕಲ್ಲು ನೆಟ್ಟಿದ್ದೇನೆ ಎಂದು ನನಗೇ ಗೊತ್ತಿಲ್ಲ. ಒಂದರ ಕಡತದಲ್ಲೂ ನನ್ನ ಹೆಸರಿಲ್ಲ. ಬಾಂದು ಜವಾನನ ಹೆಸರು ಬರೆಯುವ ಕ್ರಮವೇ ಇಲ್ಲ, ಸಹಿ ಸಾಹೇಬರದ್ದು.

“ಬಾಬು ಮೂಲ್ಯ” ಎಂದೆ. “ತಂದೆ ಐತ ಮೂಲ್ಯ.”

ಅವಳು ಬರೆದು, ಎಲ್ಲರಿಗೂ ಕೇಳುವಂತೆ ಓದಿ ಹೇಳಿದಳು. ಅಕ್ಷರ ದುಂಡಗೆ, ಚೆಂದ. ತಪ್ಪಿಗೆ ಬರೆದದ್ದಾದರೂ ನನ್ನ ಹೆಸರನ್ನು ಸರ್ಕಾರದ ಕಾಗದದಲ್ಲಿ ನನ್ನ ಪುಳ್ಳಿ ಬರೆದಳಲ್ಲ, ಆ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಲಿ, ನಾಚಿಕೆಯನ್ನು ಎಲ್ಲಿ ಇಟ್ಟುಕೊಳ್ಳಲಿ. ಅವಳು ತೋರಿಸಿದಲ್ಲಿ ಸಹಿ ಹಾಕಿದೆ.

ಆಮೇಲೆ ಆ ಕಲ್ಲು ಕೀಳಲು ಹೊರಟೆವು. ಬೊಳ್ಳಿಪಾದೆಯ ನಾಲ್ಕು ಜನ ಹಾರೆ ಹಾಕಿದರು. ಅಲುಗಲಿಲ್ಲ. ಅಳಿಯನೂ ಅಂಗಿ ತೋಳು ಮಡಚಿ ಬಂದ. ಅಲುಗಲಿಲ್ಲ. ಒಂದು ಹಾರೆ ಬಗ್ಗಿತು. ಬೆವರು ಒರೆಸಿಕೊಂಡು ಕಮಲಕ್ಕನ ಮಗ ನನ್ನ ಕಡೆ ನೋಡಿ, “ಎಂಥದ್ದು ಬಾಬಣ್ಣ ಇದು, ಹೀಗೆ ನೆಡುವುದಾ?” ಎಂದ.

ಹೌದು, ಹೀಗೆಯೇ ನೆಡುವುದು. ನಾನು ಪಂಚೆ ಮೇಲೆ ಕಟ್ಟಿ, ಬುಡದ ಮುರಕಲ್ಲಿನ ಚೂರುಗಳನ್ನು ಒಂದೊಂದಾಗಿ ಬಿಡಿಸಲು ಕೂತೆ. ಹಾಕಿದ ಕ್ರಮ ನನಗೆ ಮಾತ್ರ ಗೊತ್ತಿತ್ತು.